ಅಕ್ಕೋರು ಹಚ್ಚಿದ ಬೇಲಿ

ಖತೀಜಾ ಅಕ್ಕೋರಿಗೆ ಸಿಟ್ಟು ಬಂದರೆ ಮೊದಲು ಹೇಳುತ್ತಿದ್ದುದು ಅವರ ಎಡಗೈ ಬೆರಳು. ಎದುರಿಗೆ ಮೇಜಿರಲಿ, ಟ್ರಂಕಿರಲಿ, ಅದರ ಎಡಮೂಲೆಗೆ ಟಕ್ಕಂತ ಒಂದು ಬಡಿದು ಆಮೇಲೆ ಬಾಯಿ ತೆರೆಯುವರು. ಅಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಕೀಬೋರ್ಡಿನ ಮೂಲೆಯ ಎಸ್ಕೇಪ್ ಕೀ ಒತ್ತಿ ಒತ್ತಿ ಹತ್ತಿದ ಚಟ ಅದು.

ಎರಡು ಸಾವಿರದ ಐದಾರರ ಮಾತು. ರೋಣದಲ್ಲಿ ಕಾಳಿನ ಅಂಗಡಿಯೊಂದರ ಮಾಳಿಗೆ ಮೇಲೆ ಅವರು ಕಂಪ್ಯೂಟರ್ ಕಲಿಸುತ್ತಿದ್ದರು. ಯಾರೋ ಬಳಸಿ ಬಿಟ್ಟ ಆರು ಮಷೀನು. ಅವಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ವ್ಯವಸ್ಥೆ ಬಿಟ್ಟು ಬೇರೇನೂ ಒಗ್ಗದು. ಕಪ್ಪು ಪರದೆ, ಬಿಳಿ ಅಕ್ಷರ, ಬರೆಯಲಿಕ್ಕೆ ವಿ-ಐ ಎಂಬ ಎಡಿಟರ್, ಇಷ್ಟೇ ನಮ್ಮ ಸಂಸಾರ. ಆ ವಿ-ಐ ಮಹಾ ಹಟಮಾರಿ. ಮೊದಲು ‘ಐ’ ಒತ್ತಿ ಅಪ್ಪಣೆ ಪಡೆಯದಿದ್ದರೆ ನೀವು ಒತ್ತಿದ ಪ್ರತಿ ಅಕ್ಷರವೂ ಅದಕ್ಕೊಂದು ಹುಕುಂ. ಮೊದಲ ದಿನ ನಾನು ಇಂಗ್ಲಿಷ್ ಅಕ್ಷರಗಳಲ್ಲಿ ‘ಶಾರದಾ’ ಎಂದು ಒತ್ತಿದೆ. ಮೊದಲಿನ ದೊಡ್ಡ ‘ಎಸ್’ ಅನ್ನು ಅದು ಹುಕುಂ ಎಂದು ತಿಳಿದು, ಅಲ್ಲಿದ್ದ ಸಾಲು ಪೂರಾ ಮಾಯವಾಗಿ ‘ಹಾರದಾ’ ಎಂದಷ್ಟೇ ಬಂತು. ನನ್ನ ಕಣ್ಣಲ್ಲಿ ನೀರು.

“ಬರಿಯೂದ ಬ್ಯಾರೆ, ಹುಕುಂ ಮಾಡೂದ ಬ್ಯಾರೆ,” ಅಂದರು ಅಕ್ಕೋರು. “ಈಗ ಯಾವುದು ಮಾಡಾಕತ್ತೀನಿ ಅಂತ ತಿಳೀಲಿಲ್ಲಂದ್ರ ಎಸ್ಕೇಪ್ ಒತ್ತಿ ಸುಮ್ಮನ ಕೂಡವಾ.”

ಮೌಸೂ ಇಲ್ಲದ ಇದೆಲ್ಲ ಕಟ್ಟಡದ ಸಾಹುಕಾರರಿಗೆ ಕಿರಿಕಿರಿ. “ಇಲಿ ಇಲ್ಲದ ಕಂಪ್ಯೂಟರು ಅದ್ಯಾವ ಕಂಪ್ಯೂಟರ್ರೀ? ಮಂದಿ ನಗತಾರ,” ಎಂದು ಒಮ್ಮೆ ಏರಿಬಂದರು. ಮೇಜಿನ ಮೂಲೆಗೆ ಟಕ್ಕಂತ ಬಿತ್ತು. ಆಮೇಲೆ ಅಕ್ಕೋರು ನಗುತ್ತಾ, “ಇಲಿ ಕೆಡತಾವ್ರೀ ಸಾಹುಕಾರ್ರ, ಬೆರಳ ಕೆಡೂದಿಲ್ಲ,” ಅಂದರು. ಸಾಹುಕಾರರು ಚಹಾ ಕುಡಿದು ಇಳಿದುಹೋದರು.

ಮಷೀನು ಹೇಗೆ ನಡೆಯಬೇಕೆಂದು ಬರೆದಿಟ್ಟ ಕಡತಗಳನ್ನು ಮುಟ್ಟುವಾಗ ಮಾತ್ರ ಅವರಲ್ಲಿ ನಗೆ ಇರುತ್ತಿರಲಿಲ್ಲ. “ಮೊದಲ ನಕಲ, ಆಮ್ಯಾಲ ಅಕಲ.” ಕಡತದ ನಕಲು ತೆಗೆದಿಟ್ಟ ಮೇಲೇ ನಿನ್ನ ಬುದ್ಧಿವಂತಿಕೆ ತೋರಿಸು ಅಂತ. ಯಾವ ಸಾಲನ್ನೂ ಅಳಿಸಗೊಡುತ್ತಿರಲಿಲ್ಲ. ಬೇಡವಾದ ಸಾಲಿನ ಮುಂದೆ ಎರಡು ಅಡ್ಡ, ಎರಡು ಉದ್ದ ಗೆರೆಗಳ ‘#’ ಗುರುತು ಹಾಕಿದರೆ ಮಷೀನು ಅದನ್ನು ಓದದೆ ದಾಟಿಹೋಗುತ್ತದೆ. ಅವರು ಅದನ್ನು ಬೇಲಿ ಅನ್ನುತ್ತಿದ್ದರು. “ಬೇಲಿ ಹಚ್ಚು, ಮ್ಯಾಲ ಕಾರಣ ಬರಿ. ಇವತ್ತ ಬ್ಯಾಡಾದದ್ದು ನಾಳೆ ಬೇಕಾದೀತು.”

ಹತ್ತನೇ ಇಯತ್ತೆಯಲ್ಲಿ ನಪಾಸಾದವಳು ನಾನು. ನಾನೂ ಏನೋ ಬಲ್ಲೆ ಅನ್ನಿಸಿದ ಜಾಗ ಆ ಮಾಳಿಗೆಯೊಂದೇ. ಅಷ್ಟರಲ್ಲಿ ನಮ್ಮೂರು ಅಸೂಟಿಯ ಮನೆ ಹಿತ್ತಲಲ್ಲಿ ಅವ್ವ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಒಲೆ, ದನ, ಅವ್ವ ಎಲ್ಲ ನನ್ನ ಪಾಲಿಗೆ. ರೋಣದ ಬಸ್ಸು ಮನೆ ಮುಂದೆ ಹಾಯ್ದಾಗಲೆಲ್ಲ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಆರು ಮಷೀನಿಗೆ ಸರದಿ ಕಾಯುವವರು ಎಷ್ಟು ಮಂದಿ ಇದ್ದರೆಂದು ನನಗೆ ಗೊತ್ತಿರಲಿಲ್ಲವೇ? ನನ್ನ ಜಾಗ ಹೋಯಿತೆಂದೇ ತಿಳಿದೆ.

ವರ್ಷದ ಮೇಲೆ ಅವ್ವ ಕೋಲು ಹಿಡಿದು ಅಡ್ಡಾಡತೊಡಗಿದಳು. ಮರುದಿನವೇ ರೋಣದ ಬಸ್ಸು ಹತ್ತಿದೆ. ಮಾಳಿಗೆಯಲ್ಲಿ ನನ್ನ ಕುರ್ಚಿಯ ಮೇಲೆ ಬೇರೊಬ್ಬ ಹುಡುಗಿ.

“ಅಕ್ಕೋರ, ನನ್ನ ಹೆಸರ ತಗದಿರಬೇಕಲ್ರಿ?”

ಟಕ್ಕಂತ ಮೇಜಿನ ಮೂಲೆಗೆ ಬಡಿದರು. ಆಮೇಲೆ ಮಷೀನಿಗೆ ಯಾರ್ಯಾರು ಕೂಡಬಹುದೆಂದು ಬರೆದಿದ್ದ ಕಡತವನ್ನು ತೆರೆದು, ಸಾಲು ಸಾಲಾಗಿ ಕೆಳಗಿಳಿದು, ಒಂದು ಕಡೆ ನಿಂತರು. ನನ್ನ ಹೆಸರು ಇತ್ತು! ಅದರ ಮುಂದೆ ಬೇಲಿ. ಮೇಲಿನ ಸಾಲಿನಲ್ಲಿ ಕಾರಣ: ‘ಅವ್ವಗ ಆರಾಮಿಲ್ಲ. ಬರತಾಳ.’

“ಸಾಹುಕಾರ್ರು ಅಳಸ್ರಿ ಅಂದ್ರು. ಯಾಕ ಅಳಸಲಿ? ಹ್ಞೂಂ, ಎಕ್ಸ್ ಒತ್ತು. ಬೇಲಿ ನೀನ ಕೀಳು.”

ಒತ್ತಿದೆ. ಬೇಲಿ ಹೋಯಿತು. ನಾನು ಎಲ್ಲರ ಮುಂದೆ ಗೊಳೋ ಎಂದು ಅತ್ತೆ.

“ಅಳೂದು ಆಮ್ಯಾಲ, ಮೊದಲ ಸೇವ್ ಮಾಡವಾ. ಕರೆಂಟ್ ಹೋದೀತು!”

ಆ ಸಾಲನ್ನು ಅವರು ಅಳಿಸಿಬಿಟ್ಟಿದ್ದರೆ ನಾನು ತಿರುಗಿ ಆ ಮೆಟ್ಟಿಲು ಹತ್ತುತ್ತಿರಲಿಲ್ಲ. ಮುಂದೆ ಅಲ್ಲೇ ಕಲಿಸುವವಳಾದೆ. ನನ್ನ ಮನೆಯ ಒಲೆ ಇಂದಿಗೂ ಅವರು ಕೊಟ್ಟ ವಿದ್ಯೆಯಿಂದಲೇ ಉರಿಯುತ್ತಿದೆ.

ಕೆಲವು ವರ್ಷ ಕಳೆದು ಅಕ್ಕೋರಿಗೇ ಜಡ್ಡಾಯಿತು. ಗಜೇಂದ್ರಗಡದ ತಂಗಿಯ ಮನೆಗೆ ಹೋದರು. ನೋಡಲು ಹೋದಾಗ ಬರೀ ಎಲುಬಾಗಿದ್ದರು, ದನಿ ಮಾತ್ರ ಅದೇ.

“ಕಡತದಾಗ ನನ್ನ ಹೆಸರ ಅಳಸಿದೇನ?”

“ಇಲ್ರಿ ಅಕ್ಕೋರ, ಬೇಲಿ ಹಚ್ಚೇನ್ರಿ.”

“ಮ್ಯಾಲ ಕಾರಣ?”

“ಬರದೇನ್ರಿ. ‘ಅಕ್ಕೋರಿಗೆ ಆರಾಮಿಲ್ಲ. ಬರತಾರ.’”

ನಕ್ಕರು. ನಗುತ್ತಲೇ ಕೆಮ್ಮು ಬಂತು. ಆಮೇಲೆ ಮಂಚದ ಅಂಚಿಗೆ ಬೆರಳು ಬಡಿದರು, ಸಪ್ಪಳವೇ ಆಗಲಿಲ್ಲ. “ಬರಲಿಲ್ಲಂದ್ರ ಆ ಸಾಲ ತಿದ್ದಿಬಿಡವಾ ಶಾರದಾ. ಕಡತದಾಗ ಸುಳ್ಳ ಇರಬಾರದು.”

ಹೂಂ ಎಂದು ಬಂದೆ. ಅವರು ಬರಲಿಲ್ಲ.

ಆ ಹಳೆಯ ಮಷೀನುಗಳು ಗುಜರಿಗೆ ಹೋದವು. ಹೊಸದು ಬಂದಾಗಲೆಲ್ಲ ಮೊದಲು ಆ ಕಡತದ ನಕಲು ಮಾಡಿಕೊಳ್ಳುತ್ತೇನೆ. ಅಕ್ಕೋರ ಮಾತನ್ನು ನಾನು ಮೀರಿದ್ದು ಒಂದೇ ಒಂದು. ಆ ಸಾಲನ್ನು ಇನ್ನೂ ತಿದ್ದಿಲ್ಲ.