ಗೋಡೆ ಎರಡಕ್ಕೂ ಐತೆ

ಚನ್ನಪಟ್ಟಣದ ನಮ್ಮ ವಿಜ್ಞಾನದ ಮೇಷ್ಟ್ರನ್ನು ಸಸ್ಯಕೋಶಕ್ಕೂ ಬ್ಯಾಕ್ಟೀರಿಯಾಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಸಾಕು, ಕನ್ನಡಕ ಹಣೆಗೇರುತ್ತಿತ್ತು. “ಗೋಡೆ ಎರಡಕ್ಕೂ ಐತೆ, ಒಳಕೋಣೆ ಗಿಡದ್ದಕ್ಕೆ ಮಾತ್ರ ಐತೆ ಕಣ್ರಪ್ಪಾ!”

ಒಮ್ಮೆ ನಮ್ಮ ರೇಷ್ಮೆಹುಳುಗಳು ಕಪ್ಪಾಗಿ ಸಾಯತೊಡಗಿದಾಗ ಮೇಷ್ಟ್ರು ಮೈಕ್ರೋಸ್ಕೋಪ್ ಹೊತ್ತು ಬಂದರು. ಹುಳುಮನೆ ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಕಾಲದ್ದಿ ಒಳಬಂದರು. ಮೊದಲು ಹಿಪ್ಪುನೇರಳೆ ಎಲೆಯ ಸಿಪ್ಪೆ ತೋರಿಸಿದರು: ದೊಡ್ಡ ಕೋಶಗಳು, ಒಳಗೊಂದೊಂದು ನ್ಯೂಕ್ಲಿಯಸ್, ಅದೇ ಅವರ ಒಳಕೋಣೆ. ಆಮೇಲೆ ಸತ್ತ ಹುಳುವಿನ ರಸ: ಬರೀ ಚುಕ್ಕೆಗಳಂಥ ಬ್ಯಾಕ್ಟೀರಿಯಾ.

“ಇಷ್ಟು ಚಿಕ್ಕವು ನಮ್ಮ ಹುಳ ಕೊಂದ್ಬುಟ್ವಾ ಸಾಮಿ?” ಎಂದಳು ಅವ್ವ.

“ಕೋಣೆ ಇಲ್ದಿರೋ ಮನೆ ಕಟ್ಟೋಕೆ ಎಷ್ಟೊತ್ತು ಬೇಕವ್ವಾ? ನೋಡ್ತಾ ನೋಡ್ತಾ ಒಂದಿದ್ದಿದ್ದು ನಾಕಾಯ್ತದೆ.”

ಹೊರಡುವಾಗ ಮತ್ತೆ ಕಾಲದ್ದಿದರು.

“ಈಗ್ಯಾಕೆ ಸಾ?” ಎಂದೆ.

“ಬರೋವಾಗ ನಿಮ್ಮ ಹುಳಕ್ಕೆ, ಹೋಗೋವಾಗ ಪಕ್ಕದ್ಮನೆ ಹುಳಕ್ಕೆ ಕಣ್ಲಾ.”