ತ್ರಿಶಲಾ ಟೀಚರ ಐದು ಗಂಟೆ

ಮೂಡುಬಿದಿರೆಯಲ್ಲಿ ತ್ರಿಶಲಾ ಟೀಚರ ವ್ರತವೆಂದರೆ ಎಲ್ಲರಿಗೂ ಗೌರವ. ಮದುವೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಸಂಜೆ ಐದಾಯಿತೆಂದರೆ ಅವರು ಎದ್ದು ಮನೆಗೆ ಹೊರಟುಬಿಡುತ್ತಿದ್ದರು. ಜೈನರು ಹೊತ್ತು ಮುಳುಗುವ ಮೊದಲೇ ಉಣ್ಣುವವರು, ಯಾರು ತಡೆಯುತ್ತಾರೆ?

ನಿಜವಾದ ಕಾರಣ ಟೀಚರಿಗೊಬ್ಬರಿಗೇ ಗೊತ್ತಿತ್ತು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಅವರ ತಲೆಯೊಳಗೆ ಡಬ್ಬಿಗೆ ಕಲ್ಲು ಹಾಕಿ ಕುಲುಕಿದಂತಾಗುತ್ತಿತ್ತು. "ಊಟ ಆಯ್ತಾ? ಮನೆಯಲ್ಲಿ ಸೌಖ್ಯವಾ?" ಎಂಬ ಎರಡು ಮಾತನ್ನೂ ಅವರು ಚಿಕ್ಕಂದಿನಲ್ಲಿ ಅಕ್ಕನನ್ನು ನೋಡಿ ಮಗ್ಗಿಯಂತೆ ಬಾಯಿಪಾಠ ಮಾಡಿದ್ದರು. ಕೇಳುವಾಗ ನೋಡುತ್ತಿದ್ದುದು ಎದುರಿನವರ ಕಣ್ಣನ್ನಲ್ಲ, ಹಣೆಯನ್ನು.

ಎಂಬತ್ತಾರನೇ ಇಸವಿಯಲ್ಲಿ ಮಂಗಳೂರಿನ ಡಾಕ್ಟರೊಬ್ಬರು ಶಾಲೆಗೆ ಬಂದು ಆಟಿಸಂ ಎಂಬುದರ ಬಗ್ಗೆ ಶಿಕ್ಷಕರಿಗೆ ತಿಳಿಸಿದರು. ಅಂಥವರಿಗೆ ಗದ್ದಲ ಸಹಿಸಲಾಗದು, ಜನರೊಡನೆ ಬೆರೆಯುವುದು ಕಷ್ಟ ಎಂದರು. ತ್ರಿಶಲಾ ಟೀಚರು ಎದ್ದು ನಿಂತು ಕೇಳಿದರು.

"ಬೆರೆಯುವುದನ್ನು ಬಾಯಿಪಾಠ ಮಾಡಿದವರು ಇದ್ದರೆ, ಡಾಕ್ಟ್ರೇ?"

ಡಾಕ್ಟರು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ಟರು ನಕ್ಕರು. "ಅಂಥವರನ್ನು ನೋಡಿದ ಕೂಡಲೇ ಗೊತ್ತಾಗ್ತದೆ ಟೀಚರೇ. ನಮ್ಮಲ್ಲಿ ಯಾರೂ ಇಲ್ಲ. ಗಂಟೆ ಐದಾಯ್ತು, ನೀವು ಹೊರಡಿ. ವ್ರತ ತಪ್ಪುವುದು ಬೇಡ."

ಎಲ್ಲರೂ ಒಟ್ಟಿಗೆ ನಕ್ಕರು.

ಮನೆಗೆ ಬಂದ ಟೀಚರು ಬಾಗಿಲು ಹಾಕಿ, ಕಿವಿ ಮುಚ್ಚಿ ಕುಳಿತರು. ತಲೆಯೊಳಗಿನ ಕಲ್ಲುಗಳು ಸುಮ್ಮನಾಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಒಲೆಯ ಮೇಲೆ ಅನ್ನ ಹಾಗೇ ಇತ್ತು, ಇನ್ನು ಉಣ್ಣುವಂತಿಲ್ಲ. ಇಂಥ ಸಂಜೆಗಳು ಅವರಿಗೆ ಹೊಸದಲ್ಲ.

ಮರುದಿನ ಹೆಡ್‌ಮಾಸ್ಟರು ಕೇಳಿದರು, "ನಿನ್ನೆ ಹೊತ್ತಿಗೆ ಸರಿಯಾಗಿ ಊಟ ಆಯ್ತಲ್ಲ, ಟೀಚರೇ?"

ಟೀಚರು ಅವರ ಹಣೆ ನೋಡಿ ನಕ್ಕರು.

"ಆಯ್ತು. ಮನೆಯಲ್ಲಿ ಸೌಖ್ಯವಾ?"