ಮಾತಾಡಿದವರ ಮರುದಿನ ಕಾಯುವ ಲಕ್ಷ್ಮಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಾಲೊನಿಯ ನೀರಿನ ತೊಂಬೆಯ ಪಕ್ಕ ಲಕ್ಷ್ಮಕ್ಕ ಖಾಲಿ ಬಿಂದಿಗೆ ಹಿಡಿದು ನಿಂತಿದ್ದಾರೆ. ನಲ್ಲಿಯಲ್ಲಿ ನೀರು ಸುರಿಯುತ್ತಿದೆ, ಬಿಂದಿಗೆ ಮಾತ್ರ ಸೊಂಟದಿಂದ ಇಳಿದಿಲ್ಲ. ಅವರ ಕಣ್ಣು ತೆಂಗಿನ ತೋಟಗಳ ನಡುವಿನಿಂದ ಬರುವ ಮಣ್ಣಿನ ರಸ್ತೆಯ ಮೇಲಿದೆ. ಆ ರಸ್ತೆಯಲ್ಲಿ ಈಗ ನವಾಜನ ಲಗೇಜ್ ಆಟೊ ಬರಬೇಕು. ಕೊಬ್ಬರಿ ಶೆಡ್ಡಿನ ಕೆಲಸಕ್ಕೆ ಹೆಂಗಸರನ್ನು ತುಂಬಿಕೊಂಡು ಹೋಗುವ ಆಟೊ ಅದು. ಶೆಡ್ಡಿನ ಯಜಮಾನರು ಯಾರನ್ನು ಕರೆತರಲು ಹೇಳಿದ್ದಾರೋ ಅವರ ಮನೆ ಮುಂದೆ ಮಾತ್ರ ನಿಲ್ಲುತ್ತದೆ.

ನಿನ್ನೆ ಸಂಜೆ ಪುಟ್ಟರಂಗಮ್ಮ ಕಾಲೇಜಿನ ಹುಡುಗಿಯೊಬ್ಬಳ ಮುಂದೆ ಕೂತು ಮಾತಾಡಿದ್ದಾರೆ. ಹಾಗೆ ಮಾತಾಡಲು ಒಪ್ಪಿಸಿದವರು ಲಕ್ಷ್ಮಕ್ಕ. ಇವತ್ತು ಪುಟ್ಟರಂಗಮ್ಮನ ಮನೆ ಮುಂದೆ ಆಟೊ ನಿಲ್ಲದೆ ಹೋದರೆ, ಮಾತು ಶೆಡ್ಡು ಮುಟ್ಟಿದೆ ಎಂದೇ ಅರ್ಥ. ಈ ಊರಿನಲ್ಲಿ ಕೆಲಸ ಬಿಡಿಸುವುದೆಂದರೆ ಅಷ್ಟೇ. ಯಾರೂ ಬೈಯುವುದಿಲ್ಲ, ಕಾರಣ ಹೇಳುವುದಿಲ್ಲ. ಆಟೊ ನಿಲ್ಲದೆ ಮುಂದೆ ಹೋಗುತ್ತದೆ.

ಆಟೊ ಬರುತ್ತದೆ. ಮೊದಲ ಮನೆ, ಎರಡನೆಯ ಮನೆ. ಪುಟ್ಟರಂಗಮ್ಮನ ಮನೆ ಹತ್ತಿರ ಬಂದಾಗ ವೇಗ ತಗ್ಗುವುದಿಲ್ಲ. ಲಕ್ಷ್ಮಕ್ಕನ ಕೈ ಬಿಂದಿಗೆಯ ಕಂಠವನ್ನು ಬಿಗಿಹಿಡಿಯುತ್ತದೆ. ಮನೆ ದಾಟಿ ನಾಲ್ಕು ಮಾರು ಹೋದ ಆಟೊ ಗಕ್ಕನೆ ನಿಂತು ಹಿಂದಕ್ಕೆ ಬರುತ್ತದೆ. ಬ್ರೇಕು ಸರಿಯಿಲ್ಲವಂತೆ.

"ಏನ್ ಲಕ್ಷ್ಮಕ್ಕ, ಬಿಂದಿಗೆ ಇಡ್ಕಂಡು ಫೋಟೊ ತೆಗೆಸ್ಕಳಕ್ ನಿಂತಂಗೈತೆ!" ನವಾಜ್ ಕೂಗುತ್ತಾನೆ.

"ಹೋಗ್ಲಾ, ಮೊದ್ಲು ಬ್ರೇಕ್ ಹಾಕ್ಸು. ಜೀವ ತೆಗೀತೀಯ," ಎನ್ನುತ್ತಾರೆ ಲಕ್ಷ್ಮಕ್ಕ. ಆಮೇಲೆ ಬಿಂದಿಗೆಯನ್ನು ನಲ್ಲಿಯ ಕೆಳಗಿಡುತ್ತಾರೆ. ನಿನ್ನೆಯ ಕೆಲಸ ಮುಗಿದದ್ದು ಈಗ.

ದಂಡಿನಶಿವರದಿಂದ ಒಂದಷ್ಟು ಒಳಗಿರುವ ಊರು ಇದು. ಹೆಸರು ಬರೆಯುವುದು ಬೇಡ ಎಂದವರು ಲಕ್ಷ್ಮಕ್ಕನೇ. ಐವತ್ತು ದಾಟಿದ ಅವರು ಒಂದು ಕಾಲಕ್ಕೆ ಕೊಬ್ಬರಿ ಶೆಡ್ಡಿನಲ್ಲೇ ಇದ್ದವರು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯನ್ನು ಇಳಿಸಿ, ಮಟ್ಟೆ ಸುಲಿದ ಮೇಲೆ, ಮಚ್ಚಿನ ಸಣ್ಣ ಸಣ್ಣ ಏಟಿನಿಂದ ಚಿಪ್ಪು ಬಿಡಿಸಿ ಒಳಗಿನ ಉಂಡೆ ಕೊಬ್ಬರಿಯನ್ನು ಒಡೆಯದಂತೆ ತೆಗೆಯುವುದು ಹೆಂಗಸರ ಕೆಲಸ. ದಿನಕ್ಕೆ ಐನೂರು, ಆರುನೂರು ಕಾಯಿ. ಮಣಿಕಟ್ಟು ಕೈಕೊಟ್ಟ ಮೇಲೆ ಅವರು ಆ ಕೆಲಸ ಬಿಟ್ಟರು. ಎಡ ಹೆಬ್ಬೆರಳಿನ ಉಗುರು ಅದಕ್ಕೂ ಮೊದಲೇ ಹೋಗಿತ್ತು.

ಈಗ ಬೇಸಿಗೆಯಲ್ಲಿ ಅವರಿಗೆ ಬೇರೆ ಕೆಲಸ. ಕೆಲವು ವರ್ಷಗಳಿಂದ ಈ ಕಡೆಯ ಹಳ್ಳಿಗಳಿಗೆ ಪದವಿ ಓದುವ ಮಕ್ಕಳು ಬೇಸಿಗೆ ಫೆಲೋಶಿಪ್ ಮೇಲೆ ಬರುತ್ತಿದ್ದಾರೆ. ರಜೆ ಮುಗಿಯುವವರೆಗೂ ಊರಿನವರ ಜೊತೆಗಿದ್ದು, ಅವರೊಂದಿಗೇ ಕೂತು ಪ್ರಶ್ನೆ ಕಟ್ಟಿ, ಜಾತಿಯ ತಾರತಮ್ಯ ಇವತ್ತು ಯಾವ ರೂಪದಲ್ಲಿದೆ ಎಂದು ಕೇಳಿ ಬರೆಯಬೇಕು. ಬರೆದದ್ದನ್ನು ಬೇರೆಲ್ಲಿಗೂ ಕಳಿಸುವ ಮುಂಚೆ ಅದೇ ಊರಿನಲ್ಲಿ, ಎಲ್ಲರೂ ಬರಬಹುದಾದ ಕಡೆ, ಗಟ್ಟಿಯಾಗಿ ಓದಬೇಕು. ಹೇಳಿದವರಿಗೆ ತಿಳಿಯದಂತೆ ಅವರ ಮಾತು ಊರು ದಾಟಬಾರದು ಎಂಬುದು ಈ ನಿಯಮದ ಹಿಂದಿನ ಕಾಳಜಿ. ಓದುವ ದಿನ ಮಕ್ಕಳಿಗೆ ಹಬ್ಬ. ಹೇಳಿದವರಿಗೆ ಅದರ ಹಿಂದಿನ ವಾರವೆಲ್ಲ ಊಟ ಸೇರುವುದಿಲ್ಲ.

ಈವರೆಗಿನ ವರದಿಗಳಲ್ಲಿ ಲಕ್ಷ್ಮಕ್ಕನ ಹೆಸರಿಲ್ಲ. 'ಸ್ಥಳೀಯ ಸಹಾಯಕಿ' ಎಂದಿದೆ. ಮಕ್ಕಳು ಬರುವ ಮುಂಚೆ ಮನೆ ಮನೆಗೆ ಹೋಗಿ "ಮಾತಾಡ್ತೀಯೇನವ್ವ?" ಎಂದು ಕೇಳುವುದು ಅವರಿಗೆ ಒಪ್ಪಿಸಿದ ಕೆಲಸ. ಮಕ್ಕಳು ಬಸ್ಸು ಹತ್ತಿದ ಮೇಲೆ, ಮಾತಾಡಿದವರಿಗೆ ಏನಾದರೂ ಆಯಿತೇ ಎಂದು ನೋಡುವುದು ಅವರು ತಾವಾಗಿ ಹಚ್ಚಿಕೊಂಡ ಕೆಲಸ. "ಹುಡುಗ್ರು ಬಸ್ ಅತ್ತಿ ಹೊಂಟೋಯ್ತವೆ. ಎದ್ರಿಕೆ ಬಸ್ ಅತ್ತಲ್ವಲ್ಲ, ಇಲ್ಲೇ ಇರ್ತದೆ," ಎನ್ನುತ್ತಾರೆ.

ಈ ಬೇಸಿಗೆಯ ಹುಡುಗಿ ಶಿಫಾ, ಬಿ.ಎ. ಎರಡನೇ ವರ್ಷ. ಅಪ್ಪ ರಹಮತುಲ್ಲಾ ತುರುವೇಕೆರೆಯಲ್ಲಿ ಟೈಲರು. ಮೊದಲ ದಿನ ಅವಳು ಫೆಲೋಶಿಪ್ಪಿನ ವಿಚಾರ ವಿವರಿಸುತ್ತ, ಅಮೆರಿಕದಲ್ಲೂ ಇಂಥವು ಇವೆ, ಅಲ್ಲಿ ಮೈಬಣ್ಣ ನೋಡಿ ಮಾಡುವ ಅನ್ಯಾಯದ ಬಗ್ಗೆ ಮಕ್ಕಳು ಕೆಲಸ ಮಾಡುತ್ತಾರೆ ಎಂದಿದ್ದಳು.

"ಬಣ್ಣವಾ?" ಲಕ್ಷ್ಮಕ್ಕ ತಮ್ಮ ಕೈ ನೋಡಿಕೊಂಡಿದ್ದರು. "ಇಲ್ಲಿ ಬಿಸ್ಲಿಗೆ ಯಜಮಾನ್ರೂ ಕರ್ರಗೆ ಔರೆ, ನಾವೂ ಕರ್ರಗೆ ಇದ್ದೀವಿ. ಆದ್ರೂ ಕತ್ಲಲ್ಲೂ ಗುರ್ತು ಇಡೀತಾರೆ ನೋಡವ್ವ, ನಮ್ಮೂರೋರು ಬಲೇ ಚುರುಕು."

ಇಬ್ಬರೂ ನಕ್ಕಿದ್ದರು. ಆಮೇಲಿನ ದಿನಗಳಲ್ಲಿ ಅಷ್ಟು ನಗು ಬರಲಿಲ್ಲ.

ಓದುವ ದಿನ ಹತ್ತಿರವಾದಾಗ ಶಿಫಾ ಕರಡನ್ನು ಲಕ್ಷ್ಮಕ್ಕನ ಮನೆಯ ಜಗಲಿಯಲ್ಲಿ ಕೂತು ಓದುತ್ತಾಳೆ. ಹೆಸರುಗಳನ್ನು ಬದಲಿಸಿದ್ದಾಳೆ. ಊರಿನ ಹೆಸರು ಇಲ್ಲ. ವಯಸ್ಸನ್ನೂ ಆಚೀಚೆ ಮಾಡಿದ್ದಾಳೆ. ಲಕ್ಷ್ಮಕ್ಕ ತಲೆಯಾಡಿಸುತ್ತ ಕೇಳುತ್ತಾರೆ. ಒಂದು ಕಡೆ ಬಂದಾಗ ತಲೆ ನಿಲ್ಲುತ್ತದೆ.

"ಇನ್ನೊಂದ್ಸಲ ಓದು."

ಶಿಫಾ ಓದುತ್ತಾಳೆ. ಕೆಲಸದ ನಡುವೆ ಬೇರೆಯವರಿಗೆ ಸ್ಟೀಲ್ ಲೋಟದಲ್ಲಿ ಟೀ ಕೊಡುತ್ತಾರೆ, ಕಾಲೊನಿಯ ಹೆಂಗಸರಿಗೆ ಮಾತ್ರ ತೆಂಗಿನ ಕರಟದಲ್ಲಿ. ಕುಡಿದ ಕರಟವನ್ನು ಅವರೇ ಒಲೆಗೆ ಹಾಕಬೇಕು. ಒಮ್ಮೆ ಮಗಳನ್ನು ಜೊತೆಗೆ ಕರೆದುಕೊಂಡು ಹೋದಾಗ ಅವಳು "ಅಮ್ಮ, ನಮ್ ಲೋಟ ಮಾತ್ರ ಯಾಕೆ ಸುಡ್ತಾರೆ?" ಎಂದು ಕೇಳಿದಳು. ಇದು ಪುಟ್ಟರಂಗಮ್ಮ ಹೇಳಿದ್ದು.

"ಇದನ್ನ ತಗದಾಕು ಕಣವ್ವ."

"ಯಾಕೆ? ಹೆಸರೇ ಇಲ್ವಲ್ಲ ಲಕ್ಷ್ಮಕ್ಕ."

"ಎಸ್ರು ಯಾಕ್ ಬೇಕು? ಪೇಪರ್ ಲೋಟ ಬಂದ್ಮೇಲೆ ಎಲ್ಲ ಶೆಡ್‌ನಾಗೂ ಕರಟ ನಿಂತೋಯ್ತು. ಈಗ ಉಳ್ದಿರಾದು ಸದಾಶಿವಯ್ಯನೋರ ಶೆಡ್‌ನಾಗೆ ಒಂದೇ. ಕರಟ ಅಂದ್ರೆ ಆ ಶೆಡ್ಡು. ಮಗ್ಳ ಕರ್ಕಂಡ್ ಹೋಗಿದ್ಲು ಅಂದ್ರೆ ಪುಟ್ಟರಂಗಿ. ನಾಳಿದ್ದು ಅವ್ರೂ ಕೇಳಕ್ ಬತ್ತಾರೆ."

ಶಿಫಾ ಆ ಸಾಲಿನ ಮೇಲೆ ಬೆರಳಿಡುತ್ತಾಳೆ. ಕರಟ ಹೆಸರಿಗಿಂತ ಗಟ್ಟಿಯಾದ ಗುರುತು ಎಂದು ಅವಳಿಗೆ ಹೊಳೆದಿರಲಿಲ್ಲ. ನೋಡಿದ ಕಡೆಯೆಲ್ಲ ಕರಟ ಬಿದ್ದಿರುವ ಸೀಮೆಯಲ್ಲಿ ಹೇಗೆ ಹೊಳೆಯಬೇಕು? ಅವಳು ಮೆಲ್ಲಗೆ ಕೇಳುತ್ತಾಳೆ. "ಅದನ್ನ ತೆಗೆದ್ರೆ ಇದರಲ್ಲಿ ಏನು ಉಳಿಯುತ್ತೆ?"

ಅದೇ ಹೊತ್ತಿಗೆ ಶಿಫಾಳ ಅಪ್ಪನ ಫೋನು ಬರುತ್ತದೆ. ಅವರಿಗೂ ಯಾರೋ ಏನೋ ಹೇಳಿದ್ದಾರೆ. "ಬೇಟಾ, ಸದಾಶಿವಯ್ಯನವರ ಮನೆ ಶರ್ಟೆಲ್ಲ ನಾನೇ ಹೊಲಿಯೋದು. ನೀನು ನೋಡ್ಕೊಂಡು ಓದು," ಎನ್ನುವುದು ಜಗಲಿಗೆಲ್ಲ ಕೇಳಿಸುತ್ತದೆ.

ಹೇಳಿದವರ ಮಾತನ್ನು ಇಡುವುದೋ ತೆಗೆಯುವುದೋ, ಅದನ್ನು ಅವರೇ ಹೇಳಬೇಕು. ಮಧ್ಯಾಹ್ನ ಕೆಲಸ ಬಿಡುವ ಹೊತ್ತಿಗೆ ಲಕ್ಷ್ಮಕ್ಕ ಪುಟ್ಟರಂಗಮ್ಮನನ್ನು ಹೊಂಗೆ ಮರದ ಕೆಳಗೆ ಹಿಡಿಯುತ್ತಾರೆ. ವಿಷಯ ಕೇಳಿದ ಪುಟ್ಟರಂಗಮ್ಮ ಸೆರಗಿನಿಂದ ಕತ್ತಿನ ಚಿಪ್ಪಿನ ಧೂಳು ಒರೆಸಿಕೊಳ್ಳುತ್ತಾರೆ. ಬಹಳ ಹೊತ್ತು ಒರೆಸಿಕೊಳ್ಳುತ್ತಾರೆ.

"ಎಲ್ರ ಬಾಯೂ ಬುಡುಸ್ತೀಯಲ್ಲ ಲಕ್ಷ್ಮಕ್ಕ. ನಿಂದೇನೈತೆ ಅದ್ರಾಗೆ?"

"ನಂದಾ?"

"ನಿಂಗೆ ಕೊಟ್ಟಿರ್ಲಿಲ್ವ ಕರಟ್ದಲ್ಲಿ? ನೀನೇನ್ ಬೆಳ್ಳಿ ಲೋಟ್ದಲ್ಲಿ ಕುಡ್ದಿದ್ದಾ? ನಂದೊಂದೇ ಇದ್ರೆ ತಗದಾಕು. ನಿಂದೂ ಇದ್ರೆ ಇರ್ಲಿ."

ಅಷ್ಟು ಹೇಳಿ ಅವರು ಮನೆಗೆ ಹೋಗುತ್ತಾರೆ.

ಇಷ್ಟು ಬೇಸಿಗೆಗಳಲ್ಲಿ ಈ ಪ್ರಶ್ನೆಯನ್ನು ಲಕ್ಷ್ಮಕ್ಕನಿಗೆ ಯಾರೂ ಕೇಳಿಲ್ಲ. ಅವರೂ ತಮ್ಮನ್ನು ಕೇಳಿಕೊಂಡಿಲ್ಲ. ಬೇರೆಯವರಿಗೆ ಧೈರ್ಯ ಹೇಳುವ ಕೆಲಸದಲ್ಲಿ ತಮ್ಮ ಪಾಡಿಗೆ ತಾವು ಅಡಗಿ ಕೂರಲು ಒಳ್ಳೆಯ ಜಾಗ ಸಿಕ್ಕಿತ್ತು. ಕೆಲಸ ಬಿಟ್ಟಿದ್ದರೂ ಅವರು ಉರಿಸುವ ಸೌದೆ ಯಜಮಾನರ ತೋಟಗಳ ಸೋಗೆ, ಮಟ್ಟೆ. ಮನೆಯ ಎರಡು ಮೇಕೆ ಮೇಯುವುದು ಆ ತೋಟಗಳ ಬದುವಿನಲ್ಲಿ. ತೋಟದೊಳಗೆ ಕಾಲಿಡಬೇಡ ಎಂಬ ಒಂದೇ ಮಾತಿನಿಂದ ಒಲೆಯೂ ಮೇಕೆಯೂ ನಿಂತುಹೋಗುತ್ತವೆ.

ಮರುದಿನ ಅವರು ಶಿಫಾಳ ಫೋನನ್ನು ತಾವೇ ಜಗಲಿಯ ಮೇಲಿಟ್ಟು, "ರೆಕಾರ್ಡ್ ಚಾಲೂ ಮಾಡು," ಎನ್ನುತ್ತಾರೆ.

"ನಾನ್ ಮದ್ವೆ ಆಗಿ ಈ ಊರಿಗ್ ಬಂದ ಹೊಸ್ತು. ಶೆಡ್‌ನಾಗೆ ಮೊದಲ್ನೇ ದಿನ. ಟೀ ಹೊತ್ನಾಗೆ ನನ್ನ ಮುಂದೆ ಒಂದು ಕರಟ ಇಟ್ರು. ನಾನು ಕೆಲ್ಸ ಕೊಟ್ರು ಅನ್ಕಂಡೆ. ನಾರೆಲ್ಲ ಕೆರ್ದು, ಚೆಂದಾಗ್ ಉಜ್ಜಿ, ಕೆಳಗಿಟ್ಟು, ಲೋಟಕ್ಕೆ ಕಾಯ್ತಾ ಕುಂತೆ. ಎಲ್ರೂ ನಕ್ರು. ನಮ್ಮೋರೂ ನಕ್ರು. ನಾನೂ ನಕ್ಕೆ." ಫೋನನ್ನು ಶಿಫಾಳ ಕಡೆ ತಳ್ಳಿ, "ಸಾಕು, ನಿಲ್ಸು," ಎನ್ನುತ್ತಾರೆ.

ಓದುವ ಸಂಜೆ. ಶಾಲೆಯ ಜಗಲಿಯ ಮುಂದೆ ಚಾಪೆ ಹಾಸಿದೆ. ಹೆಂಗಸರು ಹಿಂದೆ, ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದಾರೆ. ಸದಾಶಿವಯ್ಯ ಬರುತ್ತಾರೆ. ಅವರಿಗೆ ಯಾರೋ ಕುರ್ಚಿ ತಂದುಹಾಕುತ್ತಾರೆ. ಅದೂ ಎಲ್ಲರಿಗಿಂತ ಮುಂದೆ. ಶಿಫಾ ಓದಲು ಶುರುಮಾಡುತ್ತಾಳೆ. ಮೊದಲು ಕರಟ ಉಜ್ಜಿ ಲೋಟಕ್ಕೆ ಕಾದ ಮದುಮಗಳದು, ಆಮೇಲೆ ಲೋಟ ಯಾಕೆ ಸುಡುತ್ತಾರೆ ಎಂದು ಕೇಳಿದ ಮಗಳದು.

"ನಿಲ್ಸಮ್ಮ," ಎನ್ನುತ್ತಾರೆ ಸದಾಶಿವಯ್ಯ. ದನಿ ಏರಿಲ್ಲ. "ಇದನ್ನ ಹೇಳಿದ್ಯಾರು?"

"ಹೆಸರು ಹೇಳೋ ಹಾಗಿಲ್ಲ ಸರ್."

"ಓಹೋ. ಟೈಲರ್ ರಹಮತುಲ್ಲನ ಮಗಳಲ್ವಾ ನೀನು?"

ಶಿಫಾ ಹಾಳೆಯಿಂದ ತಲೆ ಎತ್ತುವುದಿಲ್ಲ. ಅವರು ಕುರ್ಚಿಯಲ್ಲೇ ತಿರುಗಿ ಹಿಂದೆ ಕೂತ ಹೆಂಗಸರನ್ನು ಒಬ್ಬೊಬ್ಬರಾಗಿ ನೋಡತೊಡಗುತ್ತಾರೆ. ನೋಟ ಸಾಲಿನ ಮಧ್ಯಕ್ಕೆ ಬರುವಷ್ಟರಲ್ಲಿ ಲಕ್ಷ್ಮಕ್ಕ ಎದ್ದು ನಿಂತಿದ್ದಾರೆ. ಯಾವಾಗ ಎದ್ದರೆಂದು ಅವರಿಗೇ ತಿಳಿದಿಲ್ಲ.

"ಮೊದಲ್ನೇದು ನಂದು ಯಜಮಾನ್ರೆ."

"ಎರಡ್ನೇದು?"

"ಅದೂ ನಂದೇ ಅನ್ಕಳಿ."

ಆಗ ಹಿಂದಿನಿಂದ ಸಿಡುಕಿನ ಸಣ್ಣ ದನಿಯೊಂದು ಬರುತ್ತದೆ. "ಅವಳಿಗ್ಯಾಕೆ ಎರಡು? ಒಂದು ನಂದು." ಪುಟ್ಟರಂಗಮ್ಮ ಎದ್ದಿಲ್ಲ. ಕೂತಲ್ಲೇ, ನೆಲ ನೋಡಿಕೊಂಡು ಹೇಳಿದ್ದಾರೆ.

ಸದಾಶಿವಯ್ಯ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಏಳುತ್ತಾರೆ. "ಕ್ಲೀನಾಗಿರ್ಲಿ ಅಂತ ಕೊಡಾದು ಕಣ್ರವ್ವ. ಅದನ್ನೂ ಬರ್ಕಳಮ್ಮ," ಎಂದು ಶಿಫಾಗೆ ಹೇಳಿ ನಡೆಯುತ್ತಾರೆ. ಶಿಫಾ ಅದನ್ನೂ ಬರೆದುಕೊಳ್ಳುತ್ತಾಳೆ.

ಇದೆಲ್ಲ ಆಗಿ ಕೆಲವು ದಿನಗಳಾಗಿವೆ. ಪುಟ್ಟರಂಗಮ್ಮನ ಕೆಲಸ ಸದ್ಯಕ್ಕೆ ನಿಂತಿಲ್ಲ. ಅಟ್ಟದಲ್ಲಿ ಇನ್ನೂ ಕಾಯಿ ಇದೆ, ಕೈಗಳು ಬೇಕು. ಟೀ ಮಾತ್ರ ನಿಂತಿದೆ, ಯಾರಿಗೂ ಇಲ್ಲ. ಪುಡಿ ತಂದಿಲ್ಲವೆಂದು ಹೇಳುತ್ತಾರೆ. ಸ್ಟೀಲ್ ಲೋಟದವರು ಈಗ ಕಾಲೊನಿಯ ಹೆಂಗಸರ ಜೊತೆ ಮಾತು ಬಿಟ್ಟಿದ್ದಾರೆ. ಅಟ್ಟ ಖಾಲಿಯಾದ ಮೇಲೆ ಏನು ಎಂಬುದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ರಹಮತುಲ್ಲಾ ಅವರ ಅಂಗಡಿಗೆ ಆ ಮನೆಯ ಬಟ್ಟೆ ಇನ್ನೂ ಬಂದಿಲ್ಲ. ಬರುವ ಕಾಲವೂ ಅಲ್ಲ ಎಂದು ಅವರು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಲಕ್ಷ್ಮಕ್ಕ ಮೇಕೆಗಳನ್ನು ಕೆರೆಯಂಗಳಕ್ಕೆ ಹೊಡೆದುಕೊಂಡು ಹೋಗುತ್ತಿದ್ದಾರೆ. ತೋಟಕ್ಕೆ ಬರಬೇಡವೆಂದು ಯಾರೂ ಹೇಳಿಲ್ಲ. ಹೇಳಿಸಿಕೊಳ್ಳುವವರೆಗೆ ಕಾಯುವುದು ಅವರಿಗೆ ಬೇಡವಾಗಿದೆ.

ವರದಿ ಈಗ ಅಚ್ಚಿಗೆ ಹೋಗಬೇಕು. ಊರಿನವರ ಹೆಸರುಗಳನ್ನು ಅದರಲ್ಲಿ ಬದಲಿಸಿದಂತೆ ಇಲ್ಲಿಯೂ ಬದಲಿಸಿದೆ. ಕೊನೆಯ ದಿನ ಶಿಫಾ ಬಸ್ಸಿಗೆ ಕಾಯುತ್ತ, "ನಿಮಗೆ ಯಾವ ಹೆಸರು ಇಡ್ಲಿ ಲಕ್ಷ್ಮಕ್ಕ? ನೀವೇ ಹೇಳಿ," ಎಂದು ಕೇಳುತ್ತಾಳೆ.

ಲಕ್ಷ್ಮಕ್ಕ ಬಸ್ಸು ಬರುವ ದಿಕ್ಕನ್ನೊಮ್ಮೆ, ಊರಿನ ಕಡೆಯನ್ನೊಮ್ಮೆ ನೋಡುತ್ತಾರೆ.

"ನಂದು ಇದ್ದಂಗೇ ಇರ್ಲಿ ಕಣವ್ವ. ಲಕ್ಷ್ಮಕ್ಕ ಅಂತ್ಲೇ ಬರಿ. ನಾಳೆ ಯಾರಾರ ಕೇಳಕ್ ಬಂದ್ರೆ ಅವ್ರಿವ್ರ ಬಾಗ್ಲು ಬಡೀದು ಬೇಡ. ಸೀದಾ ನನ್ನ ಬಾಗ್ಲಿಗೇ ಬರ್ಲಿ."